ರೊಟ್ಟಿ ಬಡಿಯುವ ಕೈ

ನನ್ನ ಹೆಂಡತಿಯ ಬಲಗೈ ಮೊದಲ ಸಲ ಮಡಚಿಕೊಂಡಾಗ ನಾನು ಅಲ್ಲೇ ಅಡುಗೆಮನೆಯ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಹಲಗೆಯ ಮೇಲೆ ಗರಗರ ತಿರುಗುತ್ತಿದ್ದ ರೊಟ್ಟಿ ಅರ್ಧ ಅಗಲವಾಗಿ ನಿಂತುಬಿಟ್ಟಿತು. ನೋಡಿದರೆ ಹೆಬ್ಬೆರಳು ಅಂಗೈಯ ಕಡೆ ಸರಿದು, ಉಳಿದ ಬೆರಳುಗಳು ನೆಟ್ಟಗೆ ಒಂದಕ್ಕೊಂದು ಅಂಟಿಕೊಂಡು, ಕೈ ಅನ್ನದ ತುತ್ತು ಹಿಡಿದಂತೆ ಆಗಿತ್ತು. ತುತ್ತು ಮಾತ್ರ ಇರಲಿಲ್ಲ. ಎಡಗೈಯಿಂದ ಬೆರಳು ಬಿಡಿಸಲು ನೋಡಿದಳು, ಆಗಲಿಲ್ಲ. ಅಷ್ಟರಲ್ಲಿ ಹಂಚಿನ ಮೇಲಿದ್ದ ರೊಟ್ಟಿ ಸೀದು ಮನೆಯೆಲ್ಲ ಹೊಗೆಯಾಯಿತು.

“ಏನಾತು?” ಎಂದೆ.

“ಏನಿಲ್ರಿ. ಜೋಮು ಹಿಡದೈತಿ.”

ಜೋಮು ಹಿಡಿದ ಕೈ ಹಾಗಿರುವುದಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಕೈ ತಾನಾಗಿಯೇ ಸಡಿಲವಾಯಿತು, ಅವಳು ಉಳಿದ ರೊಟ್ಟಿ ಬಡಿದಳು. ನಾನು ಮಾತ್ರ ಆ ಚಹಾ ಮುಗಿಸಲಿಲ್ಲ.

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಎಂದು ಈ ಊರುಗಳ ನಡುವೆಯೇ ತಿರುಗಿ ತಿರುಗಿ ತಲೆಗೂದಲು ಬೆಳ್ಳಗಾಯಿತು. ಆ ಕೆಲಸ ಮಾಡಿದವನಿಗೆ ಮನುಷ್ಯರ ಮೇಲೆ ನಂಬಿಕೆ ಉಳಿಯುವುದು ಕಷ್ಟ. ಟಿಕೆಟ್ ತೆಗೆಯದವನು ಕಿಟಕಿಯ ಹೊರಗಿನ ಕಬ್ಬನ್ನು ಜನ್ಮದಲ್ಲಿ ಕಬ್ಬೇ ಕಾಣದವನ ಹಾಗೆ ನೋಡುತ್ತಾನೆ. ಚೆಕಿಂಗ್‌ನವರು ಹತ್ತಿದ ಕೂಡಲೇ ಕೆಲವರಿಗೆ ಎಲ್ಲಿಲ್ಲದ ನಿದ್ದೆ ಬರುತ್ತದೆ. ನಿವೃತ್ತಿಯ ದಿನ ಚೀಲವನ್ನೂ ಟಿಕೆಟ್ ಮಷೀನನ್ನೂ ಡಿಪೋಕ್ಕೆ ಒಪ್ಪಿಸಿ ಬಂದೆ. ಅನುಮಾನವನ್ನು ಒಪ್ಪಿಸಿಕೊಳ್ಳುವವರು ಅಲ್ಲಿ ಯಾರೂ ಇರಲಿಲ್ಲ, ಅದು ನನ್ನ ಜೊತೆ ಮನೆಗೆ ಬಂತು.

ನಮ್ಮ ಮನೆ ಬನಹಟ್ಟಿಯಲ್ಲಿ, ಮಗ್ಗಗಳ ಓಣಿಯಲ್ಲಿ. ಬೆಳಗಾದರೆ ಗಂಡ ಹೆಂಡತಿ ಇಬ್ಬರೂ ಮಗ್ಗದ ಮುಂದೆ ನಿಲ್ಲುವ ಮನೆಗಳೇ ಸುತ್ತ. ಅವರಿಗೆ ಒಲೆಯ ಮುಂದೆ ಕೂರಲು ಪುರುಸೊತ್ತಿಲ್ಲ. ಹಾಗಾಗಿ ಓಣಿಯ ಅರ್ಧ ಮನೆಗಳ ಬುತ್ತಿಗೆ ನನ್ನ ಹೆಂಡತಿಯ ಜೋಳದ ರೊಟ್ಟಿಯೇ ಹೋಗುತ್ತದೆ. ನನ್ನ ನೌಕರಿ ಇದ್ದಾಗಲೂ ಬಡಿದಳು, ಹೋದ ಮೇಲೂ ಬಡಿದಳು. ಮನೆ ನಡೆಯಲು ಅದೇ ಆಗಬೇಕು ಎಂದೇನೂ ಇರಲಿಲ್ಲ. ಆದರೆ ಓಣಿಯಲ್ಲಿ ಅವಳು ಕಂಡಕ್ಟರನ ಹೆಂಡತಿ ಅಲ್ಲ, ರೊಟ್ಟಿ ಅಕ್ಕ. ನಾನೇ ರೊಟ್ಟಿ ಅಕ್ಕನ ಗಂಡ.

ಕೈ ಮತ್ತೆ ಮಡಚಿಕೊಂಡಿತು. ಆಮೇಲೆ ಮೀನಖಂಡ ಸೆಳೆಯತೊಡಗಿತು, ತುಟಿಯ ಸುತ್ತ ಇರುವೆ ಹರಿದಂತೆ ಆಗುತ್ತದೆ ಎಂದಳು. ಎದುರುಮನೆಯ ಮಗ್ಗದ ಹೆಣ್ಣುಮಗಳು ರೊಟ್ಟಿ ಒಯ್ಯಲು ಬಂದವಳು ಆ ಕೈ ನೋಡಿ ಬಾಯಿಗೆ ಸೆರಗು ಹಿಡಿದಳು. “ಕಾಕಾ, ಇದು ಲಕ್ವಾ ಐತ್ರಿ. ತಡಾ ಮಾಡಬ್ಯಾಡ್ರಿ” ಎಂದಳು. ಲಕ್ವಾ ಎಂದರೆ ಪಾರ್ಶ್ವವಾಯು; ಆ ಮಾತು ಕೇಳಿ ನಾನು ಅವಳ ಕಾಲನ್ನೂ ಮುಟ್ಟಿ ನೋಡಿದೆ. ನನ್ನ ಹೆಂಡತಿ ಮಾತ್ರ ತನ್ನ ಕೈಯನ್ನೇ ನೋಡುತ್ತ, “ಈ ಕೈ ಹ್ವಾದ್ರ ನಾ ಏನ ಉಳಿತೇನ್ರಿ?” ಎಂದಳು. ಅವಳು ನನ್ನನ್ನು ಅಂಥ ಪ್ರಶ್ನೆ ಹಿಂದೆಂದೂ ಕೇಳಿರಲಿಲ್ಲ.

ಹೆದರಿಕೆಯಾದಾಗ ನಾನು ಮಾಡುವುದು ಒಂದೇ, ಕಳ್ಳನನ್ನು ಹುಡುಕುವುದು. ಎಲ್ಲೋ ಏನೋ ಕಲಬೆರಕೆ ನಡೆದಿದೆ ಎಂದು ಮನಸ್ಸು ಹೇಳಿತು. ಬೆಳ್ಳಗಿರುವ ಎಲ್ಲದರ ಮೇಲೂ ನನಗೆ ಮೊದಲಿನಿಂದ ಗುಮಾನಿ. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲ ಎಷ್ಟು ಬಿಳುಪೋ ಅಷ್ಟು ಬೆಲೆ. ನಾನು ಕಪ್ಪು ಬೆಲ್ಲ ಕೇಳಿದರೆ ಅಂಗಡಿಯವನು, ನಿಮಗಾ, ದನಕ್ಕಾ, ಎಂದು ಕೇಳಿದ್ದ. ಫಿಲ್ಟರ್ ನೀರು ತರುವುದನ್ನು ಒಂದಷ್ಟು ದಿನ ನಿಲ್ಲಿಸಿ ಬೋರಿನ ನೀರು ಕುಡಿಸಿದೆ. ಬೇಳೆ ಬೇಯಲಿಲ್ಲ, ಕೈಯೂ ಸುಧಾರಿಸಲಿಲ್ಲ. ಕೊನೆಗೆ ಹಿಟ್ಟಿನ ಗಿರಣಿಗೆ ಹೋಗಿ, ನಮ್ಮ ಡಬ್ಬಿ ಸುರಿಯುವಾಗ ಪಕ್ಕದ ಚೀಲದ ಮೇಲೆ ಕೂತು ಕಣ್ಣು ಕೀಳದೆ ನೋಡಿದೆ.

“ಏನ್ರಿ ಕಂಡಕ್ಟರ್ ಸಾಹೇಬ್ರ, ಹಿಟ್ಟಿಗೂ ಟಿಕೇಟ್ ಹರೀತೀರೇನು?” ಎಂದ ಗಿರಣಿಯವನು.

“ಜ್ವಾಳದಾಗ ಅಕ್ಕಿ ಕಾಣಾಕತ್ತಾವಲ್ಲ. ಯಾರ ಹಾಕಿದ್ರು?”

“ನಾ ಯಾಕ ಹಾಕಲಿ? ನಿಮ್ಮ ಮನಿಯಾವ್ರ ಹಾಕಿ ಕಳಸ್ತಾರ. ಯಾವತ್ತಿಂದೋ ಹಂಗ ಐತಿ.”

ಮನೆಗೆ ಬಂದು ಕೇಳಿದರೆ ಅವಳು ಮುಚ್ಚಿಡಲಿಲ್ಲ. “ರೊಟ್ಟಿ ಬೆಳ್ಳಗ ಇರಲಿಲ್ಲಂದ್ರ ಮಂದಿ ಹಳೇ ಜ್ವಾಳ ಅಂತಾರ್ರಿ. ಒಂದೆರಡ ಹಿಡಿ ಅಕ್ಕಿ ಬಿದ್ರ ಬೆಳ್ಳಗೂ ಆಕ್ಕೈತಿ, ಮೆತ್ತಗೂ ಆಕ್ಕೈತಿ.” ಅಷ್ಟಕ್ಕೇ ಬಿಡದೆ ಹಿಟ್ಟನ್ನು ಸಣ್ಣ ಜರಡಿಯಲ್ಲಿ ಜರಡಿ ಹಿಡಿದು, ತೌಡನ್ನು ಹಿತ್ತಲಾಚೆಯ ಮನೆಯ ಎಮ್ಮೆಗೆ ಕೊಡುತ್ತಿದ್ದಳಂತೆ. ಆ ಎಮ್ಮೆಯ ಮೈ ಯಾಕೆ ಹಾಗೆ ಮಿರಮಿರ ಮಿಂಚುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು.

ಇದರ ನಡುವೆ ಮುಧೋಳದಿಂದ ನನ್ನ ತಮ್ಮನ ಹೆಂಡತಿ ಬಂದಳು. ಅವಳು ಬರಿಗೈಯಲ್ಲಿ ಬರುವವಳಲ್ಲ, ಅದೇ ನನ್ನ ತಕರಾರು. ಯಾವುದೋ ಕಂಪನಿಯ ಸಾಮಾನು ಮನೆಮನೆಗೆ ಮಾರುತ್ತಾಳೆ. ಒಂದು ಸಲ ಮೊಣಕಾಲಿನ ಎಣ್ಣೆ, ಇನ್ನೊಂದು ಸಲ ಹಲ್ಲಿನ ಪುಡಿ. ಈ ಸಲ ಚೀಲದಿಂದ ಹೊಳೆಯುವ ಮುಚ್ಚಳದ ಒಂದು ಡಬ್ಬಿ ಹೊರಬಂತು. ಒಳಗೆ ಬೆಳ್ಳನೆಯ ಪುಡಿ. ನೋಡಿದ ಕೂಡಲೇ ನನ್ನ ಹುಬ್ಬು ಮೇಲೇರಿತು.

“ಅಕ್ಕಾಗ ಮೆಗ್ನೀಷಿಯಂ ಕಡಿಮಿ ಆಗೇತ್ರಿ ಭಾವಾರ” ಎಂದಳು, ರಕ್ತ ಪರೀಕ್ಷೆ ಮಾಡಿ ಬಂದವಳ ಹಾಗೆ. “ಈಗಿನ ಮಣ್ಣಾಗ ಅದು ಎಲ್ಲಿ ಉಳದೈತ್ರಿ? ಕಬ್ಬಿಗೆ ಗೊಬ್ಬರ ಸುರದು ಸುರದು ನೆಲಾನ ಸತ್ತ ಹೋಗೇತಿ. ಬರೇ ಊಟದಾಗ ಸಿಗೂದಿಲ್ಲ. ದಿನಾ ಒಂದ ಚಮಚಾ ಇದನ್ನ ನೀರಾಗ ಹಾಕಿ ಕೊಡ್ರಿ. ಸೆಳತ, ಬಿಪಿ, ನಿದ್ದಿ, ಸಿಟ್ಟು, ಎಲ್ಲಾಕ್ಕೂ ಛಲೋ.”

“ಸಿಟ್ಟಿಗೂ?”

“ಸಿಟ್ಟಿಗೂರಿ ಭಾವಾರ. ನೀವೂ ಒಂದ ಚಮಚಾ ತಗೋರಿ.”

ನನ್ನ ಹೆಂಡತಿ ನಕ್ಕಳು. ಕೈ ಕೆಟ್ಟ ಮೇಲೆ ಅವಳು ನಕ್ಕದ್ದು ಅದೇ ಮೊದಲು, ಅದಕ್ಕಾಗಿಯೇ ನಾನು ಡಬ್ಬಿ ಇಸಿದುಕೊಂಡೆ. ತಮ್ಮನ ಹೆಂಡತಿ ಬಸ್ಸಿಗೆ ಹೋದ ಮೇಲೆ ಡಬ್ಬಿಯನ್ನು ಬಿಸಿಲಿಗೆ ಹಿಡಿದೆ, ಮೂಸಿದೆ, ಹಿಂದಿನ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿದೆ. ಒಂದೂ ತಲೆಗೆ ಹತ್ತಲಿಲ್ಲ. ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ.

“ಕುಡದ ನೋಡ್ತೇನಿ, ಕೊಡ್ರಿ” ಎಂದಳು ಹೆಂಡತಿ.

“ಏನ ಐತೋ ಏನೋ ಅದರಾಗ.”

“ನೀವು ಅನುಮಾನಾ ಪಡಕೋತ ಕೂಡ್ರಿ. ಅಷ್ಟರಾಗ ನನ್ನ ಕೈ ಹೊಕ್ಕೈತಿ.”

ಆ ಮಾತು ಸರಿಯಾಗಿಯೇ ನಾಟಿತು. ಮರುದಿನ ಬೆಳಗಿನ ಬಸ್ಸಿಗೆ ಅವಳನ್ನು ಕರೆದುಕೊಂಡು ಜಮಖಂಡಿಗೆ ಹೊರಟೆ. ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡೆ, ಸಾಕ್ಷಿಗೆ ಇರಲಿ ಎಂದು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಸಣ್ಣ ವಯಸ್ಸಿನ ಡಾಕ್ಟರುಗಳನ್ನೂ ನಾನು ಅಷ್ಟು ಸುಲಭಕ್ಕೆ ನಂಬುವವನಲ್ಲ. ಆಕೆ ಬಿಪಿ ನೋಡುವ ಪಟ್ಟಿಯನ್ನು ನನ್ನ ಹೆಂಡತಿಯ ತೋಳಿಗೆ ಸುತ್ತಿ, ಗಾಳಿ ತುಂಬಿ, ಬಿಡದೆ ಹಾಗೇ ಹಿಡಿದು ಕೂತರು. ನೋಡನೋಡುತ್ತ ಕೈ ಮಡಚಿಕೊಂಡಿತು, ಅದೇ ಹೆಬ್ಬೆರಳು, ಅದೇ ಬೆರಳುಗಳು. ಗಾಳಿ ಬಿಟ್ಟ ಮೇಲೆ ಬಿಡಿಸಿಕೊಂಡಿತು. ಬೇಕೆಂದಾಗ ರೋಗ ಬರಿಸಿ ತೋರಿಸುವ ಈ ಆಟ ನನಗೆ ಹಿಡಿಸಲಿಲ್ಲ. ಆದರೆ ಆಕೆ ಮೊದಲು ಹೇಳಿದ ಮಾತು, “ಇದು ಲಕ್ವಾ ಅಲ್ರಿ” ಎಂಬುದು. ಅದಕ್ಕೆ ಕುರ್ಚಿಯಿಂದ ಎದ್ದು ಕೈ ಮುಗಿಯಬೇಕು ಎನಿಸಿತು. ಮುಗಿಯಲಿಲ್ಲ.

“ಊಟಾ ಏನ ಮಾಡ್ತೀರಿ ಅಮ್ಮಾರ?”

“ನಮ್ಮದು ರೊಟ್ಟಿ ಮನೀರಿ ಬಾಯಾರ” ಎಂದೆ ನಾನು. “ರೊಟ್ಟಿ, ಗುರೆಳ್ಳ ಚಟ್ನಿ, ಶೇಂಗಾ ಚಟ್ನಿ, ಮಡಕಿ ಕಾಳು, ಮೆಂತೆ ಪಲ್ಯ. ಊಟಕ್ಕೇನ ಕಡಿಮಿ ಇಲ್ಲ.”

“ನಾ ಅವರನ್ನ ಕೇಳೇನ್ರಿ ಕಾಕಾರ.”

“ಅವರು ಹೇಳಿದಂಗ್ರಿ” ಎಂದಳು ನನ್ನ ಹೆಂಡತಿ. ಹೇಳುವಾಗ ಕಿಟಕಿಯ ಹೊರಗೆ ನೋಡುತ್ತಿದ್ದಳು. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ, ಒಂದು ಗೋಡೆ ಮಾತ್ರ ಇತ್ತು.

“ಯಾವುದರೇ ಗುಳಗಿ ತಗೋತೀರೇನು?”

“ಇಲ್ರಿ. ನಾ ಗುಳಗಿ ನುಂಗಾಕಿ ಅಲ್ಲ.”

ರಕ್ತ ಕೊಟ್ಟು ಹೊರಗಿನ ಬೆಂಚಿನ ಮೇಲೆ ಕಾದೆವು. ಮಧ್ಯಾಹ್ನ ವರದಿ ಬಂತು. ಮೆಗ್ನೀಷಿಯಂ ಬಹಳ ಕಡಿಮೆಯಾಗಿದೆ, ಅದರ ಹಿಂದೆಯೇ ಕ್ಯಾಲ್ಸಿಯಂ ಕೂಡ ಇಳಿದಿದೆ ಎಂದರು. ನನ್ನ ತಲೆಯಲ್ಲಿ ಗಂಟೆ ಬಾರಿಸಿತು. ಡಬ್ಬಿ ಮಾರುವವಳು ಹೇಳಿದ್ದೂ ಇದೇ, ಇವರು ಹೇಳುವುದೂ ಇದೇ. ಇವರೆಲ್ಲ ಒಂದೇ ಬಸ್ಸಿನವರು. ಚೀಲದಿಂದ ಡಬ್ಬಿ ತೆಗೆದು ಆಕೆಯ ಮೇಜಿನ ಮೇಲೆ ಟಪ್ಪೆಂದು ಇಟ್ಟೆ. ಈಗ ಇದನ್ನೇ ಬರೆದು ಕೊಡುತ್ತೀರಿ, ಅಲ್ಲವೇ, ಎಂಬಂತೆ ಮುಖ ನೋಡಿದೆ.

ಆಕೆ ಓದಿ ಬದಿಗೆ ಸರಿಸಿದರು. “ಇದನ್ನ ನಿಮ್ಮಷ್ಟಕ್ಕ ನೀವ ಕುಡಸಬ್ಯಾಡ್ರಿ. ಕಿಡ್ನಿ ತ್ರಾಸ ಇದ್ದವರಿಗೆ ಇದು ಹೆಚ್ಚಾದ್ರ ಅಪಾಯ ಐತಿ. ಅಮ್ಮಾರ ಕಿಡ್ನಿ ಸರಿ ಐತಿ, ನಾ ಸಲಾಯಿನ್‌ದಾಗ ಕೊಡ್ತೇನಿ. ಆದ್ರ ಒಂದ ಮಾತು ಕಾಕಾರ. ನೀವು ಹೇಳಿದ ಕಾಳು, ಸೊಪ್ಪು, ಗುರೆಳ್ಳು, ತೌಡ ತಗೀಲಾರದ ಜ್ವಾಳ, ಇವರಾಗ ಮೆಗ್ನೀಷಿಯಂ ಛಲೋನ ಇರತೈತಿ. ಇಷ್ಟು ತಿನ್ನೂವರಿಗೆ ಇಷ್ಟು ಕಡಿಮಿ ಆಗಬಾರದು. ಒಂದೋ ಅವರು ತಿನ್ನಾಕತ್ತಿಲ್ಲ, ಇಲ್ಲಾ ಏನೋ ಅದನ್ನ ಕಳ್ಯಾಕತ್ತೈತಿ.”

ಸಲಾಯಿನ್ ಆದ ಮೇಲೆ ಕೈ ಹಗುರಾಯಿತು. ಕೆಲವು ದಿನ ರೊಟ್ಟಿ ಮೊದಲಿನಂತೆ ಗರಗರ ತಿರುಗಿತು. ಓಣಿಯವರು ಖುಷಿಯಾದರು. ನಾನು ಆಗಲಿಲ್ಲ. ಆಕೆಯ ಕೊನೆಯ ಮಾತು ನನ್ನನ್ನು ಬಿಟ್ಟಿರಲಿಲ್ಲ. ಅಂದುಕೊಂಡಂತೆಯೇ ಒಂದು ದಿನ ಹಿಟ್ಟು ನಾದುವಾಗ ಕೈ ಮತ್ತೆ ಮಡಚಿಕೊಂಡಿತು, ಈ ಸಲ ಎಡಗೈಯೂ. ಅವಳು ಹಿಟ್ಟಿನಲ್ಲಿ ಕೈ ಇಟ್ಟುಕೊಂಡೇ ಅತ್ತಳು.

ಅವತ್ತು ಮನೆಯಲ್ಲೇ ಚೆಕಿಂಗ್ ಶುರು ಮಾಡಿದೆ. ಹೆಂಡತಿಯ ಮೇಲೆಯೇ. ಬೆಳಗ್ಗೆ ಅವಳು ಏಳುವಾಗ ನಿದ್ದೆ ಬಂದವನಂತೆ ಮಲಗಿದ್ದೆ. ಅವಳು ಮುಖ ತೊಳೆದಳು, ಒಲೆ ಹೊತ್ತಿಸಿದಳು. ಆಮೇಲೆ ಸೊಂಟದ ಸಂಚಿ ಬಿಚ್ಚಿದಳು. ಎಲೆ ಅಡಿಕೆ ಇಡುವ ಆ ಬಟ್ಟೆಯ ಚೀಲದಿಂದ ಏನೋ ತೆಗೆದು, ಬಾಯಿಗೆ ಹಾಕಿ, ಗುಟುಕು ನೀರು ಕುಡಿದಳು. ಎಲೆಯೂ ಅಲ್ಲ, ಅಡಿಕೆಯೂ ಅಲ್ಲ. ಮಾರನೆಯ ದಿನವೂ ಹಾಗೇ. ಇವಳಿಗೆ ಯಾವುದೋ ದೊಡ್ಡ ರೋಗವಿದೆ, ನನಗೆ ಗೊತ್ತಾಗದ ಹಾಗೆ ಎಲ್ಲಿಂದಲೋ ಔಷಧಿ ತರಿಸುತ್ತಿದ್ದಾಳೆ ಎಂದುಕೊಂಡೆ.

ಊಟದ ಮೇಲೂ ಕಣ್ಣಿಟ್ಟೆ. ಬೆಳಗ್ಗೆ ಬರಿಹೊಟ್ಟೆಗೆ ಕಡಕ್ ಚಹಾ. ರೊಟ್ಟಿ ಬಡಿಯುವ ನಡುವೆ ಮತ್ತೆ ಚಹಾ. ಹಂಚಿನಿಂದ ಇಳಿದ ರೊಟ್ಟಿ ಬುಟ್ಟಿಗೆ, ಬುಟ್ಟಿಯಿಂದ ಓಣಿಗೆ. ನಡುವೆ ನನ್ನ ತಾಟಿಗೆ ಬಿಸಿಬಿಸಿ ಬಂದು ಬೀಳುತ್ತಿದ್ದವು. ಗುರೆಳ್ಳ ಚಟ್ನಿ ಕುಟ್ಟಿದ್ದೂ ಗಿರಾಕಿಗಳ ಜೊತೆಗೇ ಹೋಗುತ್ತಿತ್ತು. ಎಲ್ಲರೂ ಹೋದ ಮೇಲೆ ಅವಳು ಬಾಗಿಲ ಹಿಂದೆ ಕೂತು ಬಿಳಿ ಅನ್ನ, ನೀರುಸಾರು ಉಣ್ಣುತ್ತಿದ್ದಳು. ಸಂಜೆ ಚಹಾ ಮತ್ತು ಟೋಸ್ಟು. ನನ್ನ ಬುತ್ತಿ, ನನ್ನ ತಾಟು, ನನ್ನ ಚಹಾ, ಎಲ್ಲವನ್ನೂ ಇಷ್ಟು ವರ್ಷ ಅವಳು ನೋಡಿದ್ದಳು. ಅವಳ ತಾಟಿನಲ್ಲಿ ಏನಿದೆ ಎಂದು ಈ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಸಂಚಿಯನ್ನು ಅವಳೆದುರಿಗೇ ಕೊಡವಿದೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಮತ್ತು ಗುಳಿಗೆಯ ಪಟ್ಟಿಗಳು. ಕೆಲವು ತುಂಬಿದ್ದವು, ಕೆಲವು ಖಾಲಿ.

“ಡಾಕ್ಟರ ಮುಂದ ಗುಳಗಿ ತಗೊಳ್ಳೂದಿಲ್ಲ ಅಂದಿ. ಮತ್ತ ಇದೇನ? ಯಾವ ರೋಗ ಮುಚ್ಚಿಟ್ಟಿ ಹೇಳು!”

ಅವಳು ನನ್ನ ಮುಖವನ್ನು ಹುಚ್ಚನ ಮುಖ ನೋಡಿದಂತೆ ನೋಡಿದಳು. “ಇದ ಗುಳಗಿ ಏನ್ರಿ? ಗ್ಯಾಸಿಂದು!”

ಅವಳು ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಕಡೆ ಬಿಪಿಯದು ಗುಳಿಗೆ, ಸಕ್ಕರೆ ಕಾಯಿಲೆಯದು ಗುಳಿಗೆ, ಜ್ವರದ್ದು ಗುಳಿಗೆ. ಗ್ಯಾಸಿನದು ಗುಳಿಗೆಯ ಲೆಕ್ಕದಲ್ಲೇ ಇಲ್ಲ. ಬಸ್ಸಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಅಡಿಕೆ ಕೊಟ್ಟಂತೆ ಅದನ್ನು ಕೊಡುವುದನ್ನು ನಾನೇ ನೋಡಿದ್ದೇನೆ. ಮದುವೆಮನೆಯಲ್ಲಿ ಎರಡನೇ ಸಲ ಹೋಳಿಗೆ ಹಾಕಿಸಿಕೊಳ್ಳುವ ಮುಂಚೆ ನುಂಗುವವರಿದ್ದಾರೆ. ಯಾವಾಗಲೋ ಇವಳಿಗೆ ಎದೆ ಉರಿದಿದೆ, ಮೆಡಿಕಲ್ ಅಂಗಡಿಯಲ್ಲಿ ಕೇಳಿದ್ದಾಳೆ, ಅವರು ಕೊಟ್ಟಿದ್ದಾರೆ, ಉರಿ ನಿಂತಿದೆ. ಬಿಟ್ಟರೆ ಮತ್ತೆ ಉರಿಯುತ್ತದೆ ಎಂದು ಬಿಡದೆ ನುಂಗಿದ್ದಾಳೆ. ಎಷ್ಟು ವರ್ಷದಿಂದ ಎಂದರೆ ಅವಳಿಗೇ ನೆನಪಿಲ್ಲ.

“ಹೋಗಲಿ. ರೊಟ್ಟಿ ಯಾಕ ತಿನ್ನೂದಿಲ್ಲ?”

“ಉಳದ್ರ ತಿಂತೇನ್ರಿ.”

“ಉಳಿಯೂದ ಇಲ್ಲಲ್ಲ!”

“ಬಿಸಿ ರೊಟ್ಟಿ ನಾ ತಿನಕೋತ ಕುಂತ್ರ ಮುಂದಿನ ರೊಟ್ಟಿ ಯಾರ ಬಡೀತಾರ್ರಿ? ಹಂಚು ಸುಮ್ನ ಕಾಯತೈತೇನು?”

ದೂರು ಇರಲಿಲ್ಲ ಆ ಮಾತಿನಲ್ಲಿ. ಬಸ್ಸು ಮುಧೋಳದ ಮೇಲೆ ಹಾದು ಹೋಗುತ್ತದೆ ಎಂದು ಹೇಳಿದಷ್ಟು ಸಹಜವಾಗಿ ಹೇಳಿದಳು. ನನಗೆ ಅಳು ಬಂದಿತ್ತು. ಅಳಲು ಬಾರದೆ, ಇಡೀ ಓಣಿಯನ್ನು, ಗಿರಣಿಯವನನ್ನು, ಮೆಡಿಕಲ್ ಅಂಗಡಿಯವನನ್ನು, ಆ ಎಮ್ಮೆಯನ್ನು ಕೂಡ ಸೇರಿಸಿ ಬೈದೆ. ಕಳ್ಳ ಸಿಕ್ಕಿದ್ದ, ಆದರೆ ಹಿಡಿದು ಕೆಳಗಿಳಿಸುವಂತಿರಲಿಲ್ಲ.

ಮತ್ತೆ ಜಮಖಂಡಿ. ಡಾಕ್ಟರು ಖಾಲಿ ಪಟ್ಟಿಗಳನ್ನು ನೋಡಿ ತಲೆಗೆ ಕೈ ಹಚ್ಚಿಕೊಂಡರು. ಇದನ್ನು ವರ್ಷಗಟ್ಟಲೆ ನುಂಗಿದರೆ ಕೆಲವರಲ್ಲಿ ಮೆಗ್ನೀಷಿಯಂ ಹೀಗೆ ಇಳಿಯುತ್ತದೆ ಎಂದರು. ಒಮ್ಮೆಲೇ ಬಿಟ್ಟರೆ ಉರಿ ಜೋರಾಗಬಹುದು, ತಾವು ಹೇಳಿದಂತೆ ಮೆಲ್ಲಗೆ ಬಿಡಬೇಕು ಎಂದು ಬೇರೆ ಔಷಧಿ ಬರೆದರು. ಬರಿಹೊಟ್ಟೆಯ ಚಹಾ ನಿಲ್ಲಿಸಲು ಹೇಳಿದರು. ಆಗಾಗ ರಕ್ತ ನೋಡುತ್ತ ಕೆಲವು ಕಾಲ ಮೆಗ್ನೀಷಿಯಂ ತಾವೇ ಕೊಡುವುದಾಗಿ ಹೇಳಿದರು.

“ಅಂದ್ರ ಈಕಿ ರೊಟ್ಟಿ ತಿಂದಿದ್ರ ಹಿಂಗ ಆಗತಿರಲಿಲ್ಲೇನ್ರಿ?” ಎಂದು ಕೇಳಿದೆ.

“ಹಂಗ ಹೇಳಾಕ ಬರೂದಿಲ್ರಿ ಕಾಕಾರ. ಹೆಚ್ಚಿಂದು ಗುಳಗೀದ ಇರಬೇಕು. ಆದ್ರ ಊಟದಾಗ ಛಲೋ ಇದ್ದಿದ್ರ ಇಷ್ಟ ಕೆಳಗ ಇಳೀತಿತ್ತೋ ಇಲ್ಲೋ, ನಾ ಹೆಂಗ ಹೇಳಲಿ?”

ಅವತ್ತು ಆಕೆಯನ್ನು ನಂಬಿದೆ. ಎಲ್ಲದಕ್ಕೂ ತಟ್ಟನೆ ಉತ್ತರ ಇರುವವರನ್ನು ನಾನು ನಂಬುವುದಿಲ್ಲ. ಡಬ್ಬಿಯನ್ನು ಮುಧೋಳಕ್ಕೆ ವಾಪಸು ಕಳಿಸಿದೆ. “ನಾ ಹೇಳಿದ್ದ ಖರೆ ಆತಲ್ರಿ ಭಾವಾರ” ಎಂದು ಫೋನಿನಲ್ಲಿ ನಕ್ಕಳು ತಮ್ಮನ ಹೆಂಡತಿ. ಅರ್ಧ ಖರೆ ಹೇಳುವವರ ಕಾಟ ಪೂರಾ ಸುಳ್ಳು ಹೇಳುವವರ ಕಾಟಕ್ಕಿಂತ ಹೆಚ್ಚು.

ಅಕ್ಕಿ ಬೆರೆಸುವುದು ನಿಂತಿತು. ಸಣ್ಣ ಜರಡಿ ಗೂಟಕ್ಕೆ ಹೋಯಿತು. ರೊಟ್ಟಿ ಸ್ವಲ್ಪ ಮಾಸಲಾಯಿತು. “ಅಕ್ಕಾ, ರೊಟ್ಟಿ ಯಾಕ ಕಪ್ಪಾಗ್ಯಾವ?” ಎಂದು ಕೇಳಿದವರಿಗೆ ನಾನೇ ಅಡ್ಡ ಬಂದು ಉತ್ತರ ಕೊಟ್ಟೆ. ಕೆಲವರು ರೊಟ್ಟಿ ಬಿಟ್ಟರು, ಕೆಲವರು ಉಳಿದರು. ಹಿತ್ತಲಾಚೆಯ ಎಮ್ಮೆ ಮಾತ್ರ ಬಹಳ ದಿನ ಗೋಡೆಯ ಮೇಲೆ ಮೋರೆ ಇಟ್ಟು ತೌಡಿಗಾಗಿ ಕಾದಿತು.

ಕೈ ಮೆಲ್ಲಗೆ ಸುಧಾರಿಸಿತು. ಆದರೆ ನನ್ನ ಅನುಮಾನ ಈಗ ಬೇರೆ ಕಡೆ ತಿರುಗಿತ್ತು. “ರೊಟ್ಟಿ ತಿಂದ್ಯಾ?” ಎಂದರೆ “ತಿಂದೇನ್ರಿ” ಎನ್ನುತ್ತಾಳೆ. ಎನ್ನುವಾಗ ಹಂಚಿನ ಕಡೆ ನೋಡುತ್ತಾಳೆ. ಗುಳಿಗೆಯ ಬಗ್ಗೆ ಅವಳು ಸುಳ್ಳು ಹೇಳಿರಲಿಲ್ಲ. ರೊಟ್ಟಿಯ ಬಗ್ಗೆ ಹೇಳುತ್ತಿದ್ದಾಳೆ ಎಂದು ನನಗೆ ಖಾತ್ರಿಯಿತ್ತು.

ಒಂದು ಬೆಳಗ್ಗೆ ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತೆ. ಎದುರುಮನೆಯ ಹೆಣ್ಣುಮಗಳು ಬುತ್ತಿಯ ಡಬ್ಬಿ ಹಿಡಿದು, ಮಗ್ಗಕ್ಕೆ ಹೊತ್ತಾಯಿತೆಂದು ಅವಸರ ಮಾಡುತ್ತಿದ್ದಳು. ಹೆಂಡತಿ ರೊಟ್ಟಿ ಇಳಿಸಿ ಬುಟ್ಟಿಯ ಕಡೆ ಕೈ ಚಾಚಿದಳು. ನಾನು ಬುಟ್ಟಿಯನ್ನು ಎತ್ತಿಕೊಂಡುಬಿಟ್ಟೆ.

“ಚೆಕಿಂಗ್ ಬಂದೀರೇನು?” ಎಂದಳು.

“ಹೌದು. ನನ್ನ ಮುಂದ ತಿನ್ನು.”

ಜಗಳಕ್ಕೆ ಬರುತ್ತಾಳೆ ಅಂದುಕೊಂಡೆ. ಬರಲಿಲ್ಲ. ಉರಿ ಸಣ್ಣದು ಮಾಡಿ, ರೊಟ್ಟಿಯನ್ನು ತಾಟಿಗೆ ಹಾಕಿಕೊಂಡಳು. ಗುರೆಳ್ಳ ಚಟ್ನಿ ಹಾಕಿ, ಕುಸುಬಿ ಎಣ್ಣೆ ಬಿಟ್ಟು, ಒಂದು ತುಂಡು ಮುರಿದು ತುತ್ತು ಮಾಡಿದಳು. ಹೆಬ್ಬೆರಳು ಒಳಗೆ ಸರಿಯಿತು, ಬೆರಳುಗಳು ಕೂಡಿಕೊಂಡವು. ಅದೇ ಆಕಾರ. ನಾನು ಬುಟ್ಟಿಯನ್ನು ಕೆಳಗಿಟ್ಟು ಒಂದು ಹೆಜ್ಜೆ ಮುಂದೆ ಬಂದೆ. ಕೈ ಬಾಯಿಯವರೆಗೆ ಹೋಯಿತು, ತುತ್ತು ಬಿಟ್ಟಿತು, ಬೆರಳುಗಳು ಬಿಚ್ಚಿಕೊಂಡವು.

ಅವಳು ಬಾಯಿ ತೆರೆದು ಹಾ ಹಾ ಎಂದು ಊದಿದಳು. ಕಣ್ಣಲ್ಲಿ ನೀರು ಬಂದಿತ್ತು. ಜನ್ಮವೆಲ್ಲ ಹಂಚಿನ ಮುಂದೆ ಕೂತವಳು ನನ್ನ ಕಡೆ ತಿರುಗಿ, “ಇಷ್ಟ ಬಿಸಿ ಇರತೈತೇನ್ರಿ!” ಎಂದಳು.

“ಅಕ್ಕಾ, ನನ್ನ ರೊಟ್ಟಿ?” ಎಂದಳು ಬಾಗಿಲಲ್ಲಿದ್ದವಳು.

“ತಡಿಯವಾ” ಎಂದಳು ನನ್ನ ಹೆಂಡತಿ, ಎರಡನೇ ತುತ್ತು ಮುರಿಯುತ್ತ. “ನಾ ಉಣ್ಣಾಕತ್ತೇನಿ.”